ಪುಟ್ಟಿಗೆ, ಬಲಿಯ ಅಧ್ಯಾಯದ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಅಧ್ಯಾಯ ಬಂತು. ಎರಡು ಸಲ ಓದಿದೆ. ಬೇರೆ ಜನರ ಬಲಿಪೂಜೆ ಬಗ್ಗೆ 16, 17ನೇ ಶತಮಾನದ ಯೂರೋಪಿನವರು ಏನು ಬರೆದರು ಅನ್ನೋದು ಒಳ್ಳೆಯ ವಿಷಯ. ಆದರೆ ನಿನಗೆ ಸಿಟ್ಟು ಸ್ವಲ್ಪ ಜಾಸ್ತಿ. 'ಎಲ್ಲವನ್ನೂ ಸೈತಾನನ ಪೂಜೆ ಅಂದುಬಿಟ್ಟರು' ಅಂತ ಒಂದೇ ಸಾಲಿನಲ್ಲಿ ಅಷ್ಟೂ ಜನರನ್ನು ಮುಗಿಸಿದ್ದೀಯ. ಅವಸರ ಬೇಡ.

ಹಂಪಿಯಿಂದ ಶುರು ಮಾಡು. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಮಹಾನವಮಿ ನೋಡಿದ. ಮೊದಲಿಗೆ 24 ಕೋಣ, 150 ಕುರಿ, ಕೊನೆಯ ದಿನ 250 ಕೋಣ, 4,500 ಕುರಿ ಅಂತ ಬರೆದಿಟ್ಟ. ಲೆಕ್ಕ ಅವನೇ ಎಣಿಸಿದ್ದೋ ಯಾರೋ ಹೇಳಿದ್ದೋ, ಅದು ಬೇರೆ ಮಾತು. ದೊಡ್ಡ ಕುಡುಗೋಲಿನಂಥ ಕತ್ತಿ, ಒಂದೇ ಏಟು, ಗುರಿ ತಪ್ಪದ ಕೈ. ಅವನ ಕಣ್ಣಿಗೆ ಬಿದ್ದಿದ್ದು ಇದು.

ನೀನು ಬೈದಿರುವ ಸೈತಾನ ಹೊಸೆ ದೆ ಅಕೋಸ್ತಾ ಅವರದು. ಸ್ಪೇನಿನವರು, ಜೆಸೂಯಿಟ್ ಅನ್ನೋ ಕ್ರೈಸ್ತ ಸಂಘದ ಪಾದ್ರಿ, ದಕ್ಷಿಣ ಅಮೆರಿಕದ ಪೆರುವಿನಲ್ಲಿ ವರ್ಷಗಟ್ಟಲೆ ಇದ್ದವರು. ದೇವರ ಪೂಜೆಯನ್ನು ಸೈತಾನ ಅಣಕಿಸುತ್ತಾನೆ, ಅಲ್ಲಿನ ಮೂಲನಿವಾಸಿಗಳ ಬಲಿಗಳೆಲ್ಲ ಅದೇ ಅಂತ 1590ರ ಪುಸ್ತಕದಲ್ಲಿ ಬರೆದರು. ಆದರೆ ಅವರು ಅಲ್ಲಿಗೆ ಹೋಗುವ ಹೊತ್ತಿಗೆ ಆ ದೊಡ್ಡ ಬಲಿಗಳು ನಿಂತು ದಶಕಗಳೇ ಆಗಿದ್ದವು. ಬೇರೆಯವರು ಬರೆದಿಟ್ಟಿದ್ದನ್ನು ಓದಿ ಬರೆದರು. ಕಂಡವನನ್ನೂ ಕೇಳಿದವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಡ, ಪುಟ್ಟಿ.

ಸಹಾಗುನ್ ಹೆಸರನ್ನೇ ಬಿಟ್ಟಿದ್ದೀಯ. ಅದನ್ನು ಸೇರಿಸು. 1529ರಲ್ಲಿ ಮೆಕ್ಸಿಕೊಗೆ ಹೋದ ಈ ಸ್ಪೇನಿನ ಪಾದ್ರಿ ಅಲ್ಲಿನ ಹಿರಿಯರನ್ನು ಕೂರಿಸಿಕೊಂಡು, ಅವರ ನಹುವಾಟಲ್ ಭಾಷೆಯಲ್ಲೇ ಕೇಳಿ, 12 ಭಾಗಗಳಷ್ಟು ಬರೆಸಿದರು. ಯಾವ ತಿಂಗಳು ಯಾವ ದೇವರಿಗೆ ಯಾವ ಬಲಿ ಅನ್ನೋದೆಲ್ಲ ಇದೆ. ರೋಗ ಗೊತ್ತಿಲ್ಲದೆ ವೈದ್ಯ ಮದ್ದು ಕೊಡುವುದು ಹೇಗೆ ಅಂತ ಅವರ ವಾದ. ಆ ಪೂಜೆಗಳನ್ನು ಅಳಿಸೋದೇ ಗುರಿ. ಆದರೂ 1577ರಲ್ಲಿ ಸ್ಪೇನಿನ ರಾಜ ಆ ಕೈಬರಹಗಳನ್ನು ಕಿತ್ತುಕೊಂಡು ಕಳಿಸಿ ಅಂದ. ಇಷ್ಟು ವಿವರ ಅವನಿಗೆ ಬೇಕಿರಲಿಲ್ಲ.

ನಾನು ಈ ಪತ್ರ ಬರೆಯೋಕೆ ಕೂತಿದ್ದು ಲಾಸ್ ಕಾಸಾಸ್ ಸಲುವಾಗಿ, ಅಮೆರಿಕದ ಮೂಲನಿವಾಸಿಗಳ ಪರ ನಿಂತ ಸ್ಪೇನಿನ ಪಾದ್ರಿ. ಅವರಿಗೆ ನೀನು ಕೊಟ್ಟಿದ್ದು ಅರ್ಧ ಪುಟ. 1550ರಲ್ಲಿ ಸ್ಪೇನಿನ ವಯ್ಯಾದೊಲಿದ್ ಊರಿನಲ್ಲಿ ಪಂಡಿತರ ಸಭೆ ಸೇರಿತು. ನರಬಲಿ ಕೊಡುವ ಆ ಮೂಲನಿವಾಸಿಗಳ ಮೇಲೆ ಯುದ್ಧ ಮಾಡೋದು ನ್ಯಾಯವಾದದ್ದು ಅಂತ ಸೆಪುಲ್ವೆದಾ ಅನ್ನೋ ಪಂಡಿತರು ವಾದಿಸಿದರು. ಲಾಸ್ ಕಾಸಾಸ್ ದಿನಗಟ್ಟಲೆ ಓದಿ ಉತ್ತರ ಕೊಟ್ಟರು. ನರಬಲಿ ಒಳ್ಳೆಯದು ಅಂತ ಅವರೇನೂ ಹೇಳಲಿಲ್ಲ. ಅವರ ವಾದ ಇದು: ದೇವರಿಗೆ ನಮ್ಮಲ್ಲಿರೋದರಲ್ಲಿ ಶ್ರೇಷ್ಠವಾದದ್ದನ್ನೇ ಕೊಡಬೇಕು ಅಂತ ಮನುಷ್ಯನಿಗೆ ಸಹಜವಾಗಿಯೇ ಅನಿಸುತ್ತೆ. ಪ್ರಾಣಕ್ಕಿಂತ ಶ್ರೇಷ್ಠ ಯಾವುದು? ಹಾಗೆ ಯೋಚಿಸಿದವರು ದಾರಿ ತಪ್ಪಿರಬಹುದು, ಬುದ್ಧಿಗೆಟ್ಟವರಲ್ಲ. ಗ್ರೀಕರು, ರೋಮನ್ನರು, ಕಾರ್ತೇಜಿನವರೂ ಕೊಟ್ಟಿದ್ದರು ಅಂತ ತೋರಿಸಿದರು. ಮಗನನ್ನೇ ಬಲಿಗೆ ಕರೆದೊಯ್ದ ಬೈಬಲಿನ ಅಬ್ರಹಾಮನ ಕಥೆಯನ್ನೂ ಎದುರಿಗಿಟ್ಟರು. ಆ ಸಭೆಯಲ್ಲಿ ಈ ಮಾತು ಆಡೋಕೆ ಗುಂಡಿಗೆ ಬೇಕು, ಅಲ್ವಾ? ಗೆದ್ದವರು ತಾವೇ ಅಂತ ಕೊನೆಗೆ ಇಬ್ಬರೂ ಹೇಳಿಕೊಂಡರು.

ಇದು ಯಾಕೆ ನನಗೆ ತಟ್ಟಿತು ಅಂದರೆ, ಬಿ.ಎ. ಓದುವಾಗ ನಮ್ಮೂರ ಮಾರಮ್ಮನ ಜಾತ್ರೆ ಬಗ್ಗೆ ನಾನೂ ಒಂದು ಪ್ರಬಂಧ ಬರೆದಿದ್ದೆ. ಸಾಲಿಗೊಂದು 'ಮೌಢ್ಯ'. ಬಹುಮಾನವೂ ಬಂತು. ಅದೇ ವರ್ಷ ನಮ್ಮ ದೊಡ್ಡಮ್ಮ ಹರಕೆಯ ಕುರಿ ಒಪ್ಪಿಸಿದ್ದರು, ಮಗನಿಗೆ ಜ್ವರ ಬಿಟ್ಟಿತು ಅಂತ. ಕೈಯಾರೆ ಸೊಪ್ಪು ತಿನ್ನಿಸಿ ಸಾಕಿದ ಕುರಿ. ಕಡಿಯುವ ಹೊತ್ತಿಗೆ ಅವರು ಗುಡಿ ಹಿಂದೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತರು. ನಾನು ಅದನ್ನು ನೋಡಿದೆ. ಪ್ರಬಂಧದಲ್ಲಿ ಬರೆಯಲಿಲ್ಲ. ಅವರನ್ನು ಏನೂ ಕೇಳಲೂ ಇಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ. ಬಲಿ ಸರಿ ಅಂತ ನಾನು ಇವತ್ತೂ ಹೇಳಲ್ಲ. ಆದರೆ ಅಕೋಸ್ತಾ ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಇನ್ನೊಂದು. ಕೇಂಬ್ರಿಡ್ಜಿನ ಪಂಡಿತ ಜಾನ್ ಸ್ಪೆನ್ಸರ್ 1685ರಲ್ಲಿ ಬರೆದಿದ್ದನ್ನು ಅಡಿಟಿಪ್ಪಣಿಯಿಂದ ಮೇಲಕ್ಕೆ ತಾ. ಯಹೂದಿಗಳ ಬಲಿಪದ್ಧತಿಗೂ ಈಜಿಪ್ಟಿನ ಪೂಜೆಗೂ ನಂಟಿದೆ, ಜನರ ಹಳೆಯ ಅಭ್ಯಾಸ ಒಂದೇ ಸಲಕ್ಕೆ ಬಿಡಿಸೋಕಾಗಲ್ಲ ಅಂತ ದೇವರೇ ಅದಕ್ಕೆ ಒಪ್ಪಿಗೆ ಕೊಟ್ಟ ಅಂತ ಅವರ ಮಾತು. ಅಭ್ಯಾಸದ ಈ ವಾದವನ್ನು 12ನೇ ಶತಮಾನದಲ್ಲೇ ಯಹೂದಿ ಪಂಡಿತ ಮೈಮೊನಿದಿಸ್ ಹೇಳಿದ್ದರು. ಓದುವಾಗ ನನಗೆ ಆಯುಧಪೂಜೆಯ ಬೂದುಗುಂಬಳ ನೆನಪಾಯಿತು. ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದು. ಇದನ್ನು ಅಧ್ಯಾಯಕ್ಕೆ ಹಾಕಬೇಡ, ಸುಮ್ನೆ ಹೇಳಿದೆ.

ಲಾಸ್ ಕಾಸಾಸ್ ಭಾಗ ಮತ್ತೆ ಬರೆದು ಕಳಿಸು. ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸು, ನನ್ನ ಕನ್ನಡಕ ಇನ್ನೂ ಬದಲಾಗಿಲ್ಲ. ಅಕ್ಕನಿಗೆ, ಭಾವನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಸೋದರಮಾವ