ತಡವಾದ ಗಾಲಿಗೆ ಜಾಗ ವಾಪಸ್ ಏಕೆ?

ಮಾನ್ಯರೇ,

ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಒಂದೇ ತಂಡದ ಇಬ್ಬರು ಚಾಲಕರಲ್ಲಿ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡಬೇಕೆಂದು ತಂಡ ಹೇಳುವ ‘ತಂಡದ ಆದೇಶ’ವನ್ನು ಮತ್ತೆ ನಿಷೇಧಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ಅದನ್ನು ಮಾಡಿ ನೋಡಿಯಾಗಿದೆ. 2002ರ ಆಸ್ಟ್ರಿಯಾ ರೇಸಿನಲ್ಲಿ ಫೆರಾರಿ ತಂಡದ ಬ್ಯಾರಿಕೆಲೊ ಗೆಲುವಿನ ಗೆರೆಯ ಹತ್ತಿರ ವೇಗ ತಗ್ಗಿಸಿ ಜತೆಗಾರ ಶುಮಾಕರ್‌ಗೆ ದಾರಿ ಬಿಟ್ಟರು, ಅಂತರ 0.182 ಸೆಕೆಂಡು. ಮರುವರ್ಷವೇ ನಿಷೇಧ ಬಂತು. 2010ರಲ್ಲಿ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಅದೇ ತಂಡದ ಮಾಸಾಗೆ, ಹಿಂದಿದ್ದ ಜತೆಗಾರ ಫರ್ನಾಂಡೊ ಅಲೊನ್ಸೊ ಬಗ್ಗೆ ರೇಡಿಯೊದಲ್ಲಿ ‘ಫರ್ನಾಂಡೊ ನಿನಗಿಂತ ವೇಗವಾಗಿದ್ದಾರೆ’ ಎಂದರು, ಮಾಸಾ ದಾರಿ ಬಿಟ್ಟರು. ಫೆರಾರಿಗೆ 1 ಲಕ್ಷ ಡಾಲರ್ ದಂಡ ಬಿತ್ತು, ಅಲೊನ್ಸೊ ಗೆಲುವು ಹಾಗೇ ಉಳಿಯಿತು. 2011ಕ್ಕೆ ನಿಯಮವನ್ನೇ ಕೈಬಿಟ್ಟರು. ‘ಇಂಧನ ಉಳಿಸು’ ಎಂಬ ಮಾತಿನೊಳಗೂ ಆದೇಶ ಅಡಗಿರಬಹುದಾದರೆ ಅದನ್ನು ಹಿಡಿಯುವವರು ಯಾರು?

ಆದೇಶ ಇರಲಿ. ಹಿಂದಿದ್ದವರು ಮುಂದೆ ಬಂದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. 2024ರ ಹಂಗೆರಿಯಲ್ಲಿ ಮೆಕ್‌ಲಾರೆನ್‌ನ ಪಿಯಾಸ್ಟ್ರಿ ಮುಂದಿದ್ದರು. ಎದುರಾಳಿ ಹ್ಯಾಮಿಲ್ಟನ್ ಒತ್ತಿಬರುವ ಭಯಕ್ಕೆ ತಂಡ ಅವರ ಹಿಂದಿದ್ದ ಜತೆಗಾರ ನಾರಿಸ್ ಅವರನ್ನು 45ನೇ ಸುತ್ತಿಗೇ ಟೈರ್ ಬದಲಿಸಲು ಕರೆಯಿತು, ಪಿಯಾಸ್ಟ್ರಿಯನ್ನು 47ಕ್ಕೆ. ಆ ಎರಡು ಸುತ್ತು ಒಬ್ಬರಿಗೆ ಹೊಸ ರಬ್ಬರು, ಇನ್ನೊಬ್ಬರಿಗೆ ಸವೆದದ್ದು. ಪಿಯಾಸ್ಟ್ರಿ ಟೈರ್ ಬದಲಿಸುವ ಪಿಟ್‌ನಿಂದ ಹೊರಬಿದ್ದಾಗ ನಾರಿಸ್ ಮುಂದಾಗಿದ್ದರು. ತಂಡವೇ ಕಿತ್ತುಕೊಂಡ ಜಾಗವನ್ನು 68ನೇ ಸುತ್ತಿನಲ್ಲಿ ತಂಡವೇ ಕೊಡಿಸಿತು. ಅದು ನ್ಯಾಯ.

2025ರಲ್ಲಿ ಇಟಲಿಯ ಮೊಂಜಾದಲ್ಲಿ ಇದೇ ಇಬ್ಬರ ನಡುವೆ ಆದದ್ದು ಹಾಗಲ್ಲ. ಎರಡನೇ ಸ್ಥಾನದಲ್ಲಿದ್ದ ನಾರಿಸ್‌ಗೆ ಜಾಗ ಹೋಗದೆಂಬ ಭರವಸೆ ಕೊಟ್ಟೇ, ಹಿಂದಿದ್ದ ಪಿಯಾಸ್ಟ್ರಿಯನ್ನು ಟೈರ್ ಬದಲಿಗೆ ಮೊದಲು ಕರೆದರು. ಲೆಕ್ಕ ಸರಿಯಾಗಿಯೇ ಇತ್ತು. ಪಿಯಾಸ್ಟ್ರಿ ನಿಂತದ್ದು 1.9 ಸೆಕೆಂಡು. ಮರುಸುತ್ತಿಗೆ ನಾರಿಸ್ ಬಂದಾಗ ಮುಂದಿನ ಎಡಗಾಲಿ ಕೈಕೊಟ್ಟು 5.9 ಸೆಕೆಂಡು ಹೋಯಿತು. ಎರಡೂವರೆ ಸೆಕೆಂಡಿನಲ್ಲಿ ಮುಗಿದಿದ್ದರೆ ಅವರೇ ಮುಂದಿರುತ್ತಿದ್ದರು. ಜಾಗ ಹೋದದ್ದು ಗಾಲಿಯಿಂದ, ಕರೆದ ಸರದಿಯಿಂದಲ್ಲ. ಗಾಲಿಯ ನಟ್ ಬಿಗಿಯುವ ವೀಲ್ ಗನ್ ಹಿಡಿದವರ ಕೈ, ನಟ್ ಕಚ್ಚುವ ರೀತಿ, ಚಾಲಕ ಗುರುತಿನ ಮೇಲೆ ಕಾರು ನಿಲ್ಲಿಸುವ ನಿಖರತೆ ಎಲ್ಲವೂ ರೇಸಿನ ಭಾಗವೇ. ಒಂದು ವಾರ ಮೊದಲು ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್ ರೇಸಿನಲ್ಲಿ ಎಣ್ಣೆ ಸೋರಿ ನಾರಿಸ್ ಕಾರು ನಿಂತಿತ್ತು. ಆ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ. ಇಲ್ಲಿ ಮಾತ್ರ ಪಿಯಾಸ್ಟ್ರಿಗೆ ಜಾಗ ಬಿಡಲು ಹೇಳಿದರು, ಅವರು ಬಿಟ್ಟರು.

ಎರಡನೇ ಮತ್ತು ಮೂರನೇ ಸ್ಥಾನದ ನಡುವಿನ ಆ ಅದಲುಬದಲಿನ ಬೆಲೆ 3 ಅಂಕ. ಋತು ಮುಗಿದಾಗ ಒಟ್ಟು ಅಂಕ ನಾರಿಸ್ 423, ಎದುರಾಳಿ ತಂಡದ ವರ್ಸ್ಟಾಪನ್ 421. ಮಿಕ್ಕ ರೇಸುಗಳೆಲ್ಲ ಹಾಗೇ ನಡೆದು ಈ ಅದಲುಬದಲು ಒಂದು ಆಗದಿದ್ದರೆ ನಾರಿಸ್ 420ಕ್ಕೆ ನಿಂತು, ಕಿರೀಟ ವರ್ಸ್ಟಾಪನ್‌ಗೆ ಹೋಗುತ್ತಿತ್ತು. ಯಾವ ಜಾಗ ವಾಪಸ್ ಕೊಡಬೇಕು, ಯಾವುದು ಹೋದರೆ ಹೋಯಿತು ಎಂಬುದನ್ನು ತಂಡಗಳು ಮೊದಲ ರೇಸಿಗೆ ಮುಂಚೆಯೇ ಬಹಿರಂಗವಾಗಿ ಹೇಳಲಿ.

– ರೇಸಿಂಗ್ ಆಸಕ್ತರು, ಬೆಂಗಳೂರು