ದೇವಿಮನೆ ಘಟ್ಟದ ಪಿಕಪ್ ಅಣ್ಣನಿಗೆ

ಅಣ್ಣಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ಕಳೆದ ಶನಿವಾರ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದಲ್ಲಿ ನಮ್ಮ ಬಾಡಿಗೆ ಗಾಡಿ ಕೆಟ್ಟು ನಿಂತಿತ್ತು. ಸಂಜೆ ನಮ್ಮ ಹವ್ಯಾಸಿ ತಂಡದ ಯಕ್ಷಗಾನ. ಕೈಯಲ್ಲಿ ಮೂರು ಕಿರೀಟ, ನಾಲ್ಕು ಜೊತೆ ಭುಜಕೀರ್ತಿ, ಎದೆಕಟ್ಟು. ಮೇಲಿಂದ ಹನಿ ಮಳೆ.

ಈ ಸಾಮಾನಿಗೆ ತೂಕವಿಲ್ಲ, ಜಾಗ ಮಾತ್ರ ಜಾಸ್ತಿ ಬೇಕು. ಹಗುರ ಮರ, ಮೇಲೆ ಬೇಗಡೆ ಅಂದರೆ ಹೊಳೆಯುವ ತೆಳು ಹಾಳೆ, ಕನ್ನಡಿ ಚೂರು. ಪೇರಿಸಿದರೆ ತುದಿ ಮುರಿಯುತ್ತದೆ, ನೀರು ತಾಗಿದರೆ ಬೇಗಡೆ ಏಳುತ್ತದೆ.

ನೀವು ಶಿರಸಿಯಲ್ಲಿ ಮೀನು ಇಳಿಸಿ ಖಾಲಿ ವಾಪಸ್ ಹೊರಟಿದ್ದಿರಿ. "ವಾಸನೆ ಇದೆ, ಅಡ್ಡಿಲ್ವಾ?" ಅಂದಿರಿ. ನಾವು ಹೂಂ ಅನ್ನುವ ಮೊದಲೇ ಕ್ರೇಟುಗಳನ್ನು ರಸ್ತೆ ಬದಿಯ ಝರಿಯಲ್ಲಿ ತೊಳೆದು, ನಿಮ್ಮದೇ ಲುಂಗಿಯಿಂದ ಒರೆಸಿದಿರಿ. ಒಂದು ಕ್ರೇಟಿಗೆ ಒಂದೇ ಕಿರೀಟ. ಅಲ್ಲಾಡದ ಹಾಗೆ ಸುತ್ತ ನಮ್ಮ ಸೀರೆ, ಶಾಲು ತುರುಕಿದಿರಿ. ಭುಜಕೀರ್ತಿಗಳ ಕನ್ನಡಿ ಮುಖ ಒಳಗೆ ಮಾಡಿ, ನಡುವೆ ಬಟ್ಟೆ ಇಟ್ಟು ಜೋಡಿ ಕಟ್ಟಿದಿರಿ. ಮೇಲೆ ಟಾರ್ಪಾಲು. ಇಷ್ಟು ವರ್ಷ ವೇಷ ಕಟ್ಟಿದ ನಮಗೆ ಇದು ಹೊಳೆದಿರಲಿಲ್ಲ, ನಾಚಿಕೆಯಾಯಿತು.

ಒಂದು ಕನ್ನಡಿಯೂ ಉದುರಲಿಲ್ಲ. ಕೌರವನ ಮೈ ಸ್ವಲ್ಪ ಬಂಗುಡೆ ವಾಸನೆ ಬರುತ್ತಿತ್ತು ಅಂತ ಭೀಮ ದೂರಿದ. ಸುಮ್ನೆ ಇರು ಅಂದೆವು!

ಈಗ ನಾವೂ ನಾಲ್ಕು ಕ್ರೇಟು ಕೊಂಡಿದ್ದೇವೆ. ಬಾಡಿಗೆಯನ್ನಂತೂ ನೀವು ಮುಟ್ಟಲಿಲ್ಲ. ನಿಮ್ಮ ಲುಂಗಿ ನಮ್ಮ ಗಂಟಿನಲ್ಲೇ ಬಂದಿದೆ. ಒಗೆದು ಮಡಚಿ ಇಟ್ಟಿದ್ದೇವೆ, ನೀಲಿ ಚೌಕಳಿಯದ್ದು.