ಕನ್ನಡ ಜಾಲತಾಣ: ಹಣ ಕೊಡುವ ಮುನ್ನ ಕೊಂಡಿ ನೋಡಿ

ಸಂಪಾದಕರಿಗೆ,

ಕನ್ನಡದ ಸಣ್ಣ ಪತ್ರಿಕೆಗಳು, ಸಂಘ-ಸಂಸ್ಥೆಗಳು, ಕಾಲೇಜುಗಳು ಜಾಲತಾಣಕ್ಕೆ ವರ್ಡ್‌ಪ್ರೆಸ್ ಆರಿಸಿಕೊಳ್ಳುವುದು ಸಾಮಾನ್ಯ. 2003ರಿಂದ ಬೆಳೆದುಬಂದ ಮುಕ್ತ ತಂತ್ರಾಂಶ ಅದು, ಆಯ್ಕೆಯಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಇಂಗ್ಲಿಷ್ ತಾಣದ ಹೊಂದಾಣಿಕೆಗಳನ್ನೇ (ಸೆಟ್ಟಿಂಗ್) ಕನ್ನಡ ತಾಣಕ್ಕೂ ಉಳಿಸಿ ಕೈತೊಳೆದುಕೊಳ್ಳುವುದರಲ್ಲಿ. ಮಾಡಿಸುವವರು ಬಣ್ಣ, ಲೋಗೊ, ಸ್ಲೈಡರ್ ನೋಡಿ ಒಪ್ಪಿಬಿಡುತ್ತಾರೆ.

ಮೊದಲ ಪೆಟ್ಟು ಲೇಖನದ ಕೊಂಡಿಗೆ. ಶೀರ್ಷಿಕೆಯಿಂದ ತಾನಾಗಿ ಹುಟ್ಟುವ ಈ ವಿಳಾಸಕ್ಕೆ (ಸ್ಲಗ್) ಡೇಟಾಬೇಸ್‌ನಲ್ಲಿರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಧಾರಾಳ. ಕನ್ನಡದಲ್ಲಿ ಹಾಗಲ್ಲ: ಯೂನಿಕೋಡ್‌ನ (ಎಲ್ಲ ಲಿಪಿಗಳ ಸಾಮಾನ್ಯ ಅಕ್ಷರಸಂಕೇತ ಪದ್ಧತಿ) ಒಂದೊಂದು ಸಂಕೇತವೂ 3 ಬೈಟ್, ಕೊಂಡಿಯಲ್ಲಿ ಒಂದೊಂದು ಬೈಟನ್ನೂ ಬರೆಯುವುದು ಶೇಕಡಾ ಚಿಹ್ನೆ (%) ಸೇರಿ 3 ಅಕ್ಷರದಲ್ಲಿ. ಅಂದರೆ ಒಂದು ಸಂಕೇತಕ್ಕೆ 9 ಅಕ್ಷರ ಖರ್ಚು, ಹಿಡಿಸುವುದು ಹೆಚ್ಚೆಂದರೆ 22 ಸಂಕೇತ. ಮೂಲಾಕ್ಷರ, ಸ್ವರಚಿಹ್ನೆ, ಒತ್ತಿಗೆ ಮುಂಚಿನ ಅರ್ಧಾಕ್ಷರದ ಚಿಹ್ನೆ, ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕರ್ನಾಟಕ’ ಒಂದೇ 7 ಸಂಕೇತ ನುಂಗುತ್ತದೆ. ‘ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ 2023’ ಎಂದು ಶೀರ್ಷಿಕೆ ಕೊಟ್ಟರೆ ಕೊಂಡಿಯಲ್ಲಿ ಉಳಿಯುವುದು ‘ಕರ್ನಾಟಕ-ರಾಜ್ಯೋತ್ಸವ-ಪ್ರಶಸ’. ಇಸವಿ ಮಾಯ! ಮರುವರ್ಷ 2024ರ ಪಟ್ಟಿ ಹಾಕಿದಾಗ ಅದೇ ಕೊಂಡಿ ಮತ್ತೆ ಹುಟ್ಟಬೇಕು. ಒಂದೇ ವಿಳಾಸ ಎರಡಕ್ಕೆ ಸಲ್ಲದ ಕಾರಣ ವರ್ಡ್‌ಪ್ರೆಸ್ ಇನ್ನೊಂದು ಸಂಕೇತ ಕತ್ತರಿಸಿ ‘ಪ್ರಶ-2’ ಮಾಡುತ್ತದೆ. ಇನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿದರಂತೂ ಅನೇಕ ಬಾರಿ ಆ ಕೊಂಡಿ ಶೇಕಡಾ ಚಿಹ್ನೆಗಳ ಉದ್ದನೆ ಸರವಾಗಿ ಕಾಣುತ್ತದೆ.

ಕನ್ನಡ ಕೊಂಡಿಯೇ ಬೇಕೆಂಬ ಅಭಿಮಾನ ಸರಿ, ಆದರೆ ಅರ್ಧ ಪದದ ಕನ್ನಡಕ್ಕಿಂತ ರೋಮನ್ ಲಿಪಿಯಲ್ಲಿ ಮೂರು-ನಾಲ್ಕು ಪದದ ಕೊಂಡಿಯೇ ಮೇಲು. ಪ್ರಕಟಿಸುವ ಗುಂಡಿ ಒತ್ತುವ ಮೊದಲೇ ಸ್ಲಗ್ ಪೆಟ್ಟಿಗೆಯಲ್ಲಿ ಅದನ್ನು ಬರೆಯಬೇಕು. ದಿನಕ್ಕೆ ಹತ್ತಾರು ಸುದ್ದಿ ಹಾಕುವವರು ಪರ್ಮಾಲಿಂಕ್ (ಲೇಖನದ ಕಾಯಂ ವಿಳಾಸ) ಹೊಂದಾಣಿಕೆಯಲ್ಲಿ ಲೇಖನದ ಸಂಖ್ಯೆಯನ್ನೇ ವಿಳಾಸವಾಗಿ ಇಟ್ಟುಕೊಳ್ಳಬಹುದು. ಪ್ರಕಟಿಸಿದ ಮೇಲೆ ಸ್ಲಗ್ ಬದಲಿಸಿದರೆ ‘ಪೋಸ್ಟ್’ಗಳ ಹಳೆ ವಿಳಾಸವನ್ನು ವರ್ಡ್‌ಪ್ರೆಸ್ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ, ‘ಪೇಜ್’ಗಳಿಗೆ ಆ ಸೌಲಭ್ಯವಿಲ್ಲ. ‘ನಮ್ಮ ಬಗ್ಗೆ’, ‘ಪ್ರವೇಶಾತಿ’ಯಂಥ ಪುಟಗಳನ್ನು ಮುಟ್ಟುವುದಾದರೆ ಹಳೆ ವಿಳಾಸದಿಂದ ಹೊಸದಕ್ಕೆ ಕಳಿಸುವ ರಿಡೈರೆಕ್ಟ್ ಕೈಯಾರೆ ಹಾಕಿಕೊಳ್ಳಬೇಕು.

ಎರಡನೆಯದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟುಗಳ ಪಠ್ಯ. ಯೂನಿಕೋಡ್ ಅಲ್ಲದ ಕಡತದಿಂದ ನಕಲಿಸಿದರೆ ತಾಣದಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಗುರುತುಗಳು. ಕೆಲವರು ಇದಕ್ಕೆ ಉಪಾಯವೆಂದು ಪುಟದ ಚಿತ್ರವನ್ನೇ ಹಾಕುತ್ತಾರೆ. ಅಂಥ ಪಠ್ಯ ತಾಣದ ಹುಡುಕಾಟಕ್ಕೆ ಸಿಗುವುದಿಲ್ಲ, ಕುರುಡರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದುವುದೂ ಇಲ್ಲ. ಪರಿವರ್ತಕದಲ್ಲಿ ಬದಲಿಸಿಯೇ ಹಾಕಬೇಕು, ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಬೇಕು. ನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕೆಡಿಸುತ್ತದೆ.

ಸರ್ವರ್ ಬದಲಿಸುವಾಗ ಇದಕ್ಕಿಂತ ದೊಡ್ಡ ಅನಾಹುತ ಆಗಬಹುದು. 2015ರ 4.2 ಆವೃತ್ತಿಯಿಂದ ವರ್ಡ್‌ಪ್ರೆಸ್ ಡೇಟಾಬೇಸ್‌ನಲ್ಲಿ ಯುಟಿಎಫ್8ಎಂಬಿ4 ಎಂಬ ಯೂನಿಕೋಡ್ ಅಕ್ಷರಸಂಕೇತ ಬಳಸುತ್ತಿದೆ. ಅದಕ್ಕೂ ಹಳೆಯ ಕೆಲವು ತಾಣಗಳ ಕೋಷ್ಟಕಗಳು ಇನ್ನೂ ಪಾಶ್ಚಾತ್ಯ ಭಾಷೆಗಳಿಗೆಂದಿದ್ದ ಲ್ಯಾಟಿನ್1 ಸಂಕೇತದಲ್ಲೇ ಇರುತ್ತವೆ. ಡಂಪ್ (ಡೇಟಾಬೇಸ್‌ನ ನಕಲು) ತೆಗೆಯುವಾಗ ಅಕ್ಷರಸಂಕೇತ ತಪ್ಪಿದರೆ ಎರಡು ಬಗೆಯಲ್ಲಿ ಕೆಡುತ್ತದೆ. ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಾಲು ಕಂಡರೆ ಗಾಬರಿ ಬೇಡ, ಬೈಟ್‌ಗಳು ಸಾಮಾನ್ಯವಾಗಿ ಒಳಗೆ ಹಾಗೇ ಇರುತ್ತವೆ, ಮರಳಿ ಪಡೆಯಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಡೇಟಾಬೇಸ್‌ಗೇ ಸೇರಿಹೋದರೆ ಆ ಪ್ರತಿಯಿಂದ ಕನ್ನಡ ಮತ್ತೆ ಬಾರದು. ಹಾಗಾಗಿ ಹೊಸ ಸರ್ವರ್‌ನಲ್ಲಿ ಹತ್ತು ಹಳೆಯ ಲೇಖನ ತೆರೆದು ಓದುವ ತನಕ ಹಳೆ ಸರ್ವರ್ ಅಳಿಸಬಾರದು.

ವಿನ್ಯಾಸದ ಮಾತು ಸ್ವಲ್ಪವೇ. ಇಂಗ್ಲಿಷ್ ಥೀಮ್‌ಗಳ ಶೀರ್ಷಿಕೆಯಲ್ಲಿ ಸಾಲಿನ ಎತ್ತರ ಅಕ್ಷರಗಾತ್ರದ 1.2ರಷ್ಟು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, 1.6 ಮಾಡಿದರೆ ಸಾಕು. ಸಾರಾಂಶವನ್ನು ಬೈಟ್ ಎಣಿಸಿ ಕತ್ತರಿಸುವ ಥೀಮ್ ಆಗಿದ್ದರೆ ಕೊನೆಯ ಅಕ್ಷರ ಒಡೆದು ಖಾಲಿ ಚೌಕವೋ ಪ್ರಶ್ನೆಚಿಹ್ನೆಯೋ ಆಗುತ್ತದೆ. ಹುಡುಕಾಟಕ್ಕೆ ವಿಭಕ್ತಿ ಪ್ರತ್ಯಯ ತಿಳಿಯದು: ‘ಮೈಸೂರು’ ಎಂದರೆ ‘ಮೈಸೂರಿನಲ್ಲಿ’ ಸಿಗದು, ‘ಮೈಸೂರ’ ಎಂದರೆ ಎರಡೂ ಸಿಗುತ್ತವೆ. ಈ ಸೂಚನೆಯನ್ನು ಹುಡುಕು ಪೆಟ್ಟಿಗೆಯ ಕೆಳಗೇ ಬರೆದಿಡಬಹುದು.

ಸಾರ್ವಜನಿಕ ಹಣದಲ್ಲಿ ಕನ್ನಡ ತಾಣ ಮಾಡಿಸುವವರಾದರೂ ಇವಿಷ್ಟನ್ನು ಕಾರ್ಯಾದೇಶದಲ್ಲೇ ಸೇರಿಸಲಿ. ಕೊನೆಯ ಕಂತು ಕೊಡುವ ಮುನ್ನ ಎರಡು ಸಾಲಿನ ಕನ್ನಡ ಶೀರ್ಷಿಕೆಯ ಲೇಖನವೊಂದನ್ನು ಎದುರಿಗೇ ಪ್ರಕಟ ಮಾಡಿಸಿ, ಅದರ ಕೊಂಡಿಯನ್ನು ಇನ್ನೊಂದು ಫೋನಿಗೆ ಕಳಿಸಿ ತೆರೆದು ನೋಡಲಿ.

– ವೆಬ್ ಡೆವಲಪರ್, ಬೆಂಗಳೂರು